ಎಂಬತ್ತು ಸರಪಳಿ ದೂರದ ಬಾವಿ

ದ್ವೀಪದಲ್ಲಿ ನಿಧಿ ಇದೆ ಎನ್ನುವ ಮಾತು ಊರಿಗೆ ಹಳೆಯದು. ಅದನ್ನು ಅಗೆಯುವುದಕ್ಕೆ ನಿಜವಾಗಿ ಜನ ಬಂದದ್ದು ಈ ವರ್ಷ. ಹನ್ನೊಂದು ಮಂದಿ ಆಳುಗಳು, ಅವರ ಮೇಲೊಬ್ಬ ಯಜಮಾನ. ಅಪ್ಪಣೆ ಪತ್ರ, ನೀರೆತ್ತುವ ಪಂಪು, ಡೇರೆ ಸಮೇತ ಬಂದಿಳಿದರು. ಅವರನ್ನು ದಾಟಿಸುವ ದೋಣಿ ಅಜ್ಜಿಯ ಮಗನದು. ಹಾಗಾಗಿ ಮಧ್ಯಾಹ್ನದ ಊಟವೂ ಅಜ್ಜಿಯ ಅಡುಗೆಮನೆಯಿಂದಲೇ ಹೋಗಬೇಕೆಂದು ಗೊತ್ತಾಯಿತು. "ನಿಧಿ ಯಾರ ಪಾಲಿಗೋ, ತಳ ಹಿಡಿದ ಪಾತ್ರೆ ಮಾತ್ರ ನಮ್ಮ ಪಾಲಿಗೆ," ಎಂದು ಅಜ್ಜಿ ಮೊದಲ ದಿನವೇ ಹೇಳಿದಳು. ಸೊಸೆ ನಕ್ಕಳು. ಆಗಿನ್ನೂ ಆ ಮನೆಯಲ್ಲಿ ನಗುವಿತ್ತು.

ಎಲ್ಲರಿಗಿಂತ ಹೆಚ್ಚು ಹಿಗ್ಗಿದವನು ತಾತ. ಮೂವತ್ತೈದು ವರ್ಷ ಸರ್ಕಾರಿ ಮೋಜಣಿದಾರನಾಗಿದ್ದ ಅವನನ್ನು ಊರು ಕರೆಯುತ್ತಿದ್ದುದೇ 'ಸರಪಳಿ' ಎಂದು. ಮೂವತ್ತಮೂರು ಅಡಿಯ ಕಬ್ಬಿಣದ ಸರಪಳಿಯನ್ನು ಹೆಗಲಿಗೇರಿಸಿಕೊಂಡು ಹೊಲ, ರಸ್ತೆ, ಮನೆ ಜಾಗ ಎಲ್ಲವನ್ನೂ ಅಳೆದವನು. ಇಪ್ಪತ್ತೊಂಬತ್ತು ವರ್ಷದ ಹಿಂದೆ ಆ ದ್ವೀಪವನ್ನೂ ಅಳೆದು ನಕ್ಷೆ ಬರೆದವನು ಅವನೇ. ಹಳೆಯ ಕಾಗದಗಳ ಪ್ರಕಾರ ನಿಧಿಯನ್ನು ಇಳಿಬಿಟ್ಟಿದ್ದು ದ್ವೀಪದ ಕಲ್ಲುಬಾವಿಯೊಳಗೆ. ಆ ಬಾವಿ ಈಗ ಕಾಣುವುದಿಲ್ಲ. ಒಂದು ಬಿರುಗಾಳಿಯಲ್ಲಿ ಸಮುದ್ರ ಮೇಲೇರಿ ಬಂದು ದ್ವೀಪದ ತುಂಬ ಮರಳು ಸುರಿದು ಹೋಗಿತ್ತು. ಆದರೆ ಬಿರುಗಾಳಿಗೆ ಮುಂಚಿನ ತಾತನ ನಕ್ಷೆಯಲ್ಲಿ ಬಾವಿ ಇತ್ತು. ದ್ವೀಪದ ದೋಣಿಕಟ್ಟೆಯ ಗಡಿಕಲ್ಲಿನಿಂದ ನೇರ ಪೂರ್ವಕ್ಕೆ, ಎಂಬತ್ತು ಸರಪಳಿ.

ಯಜಮಾನ ಮನೆಗೇ ಬಂದು, "ಬಾವಿ ಸಿಕ್ಕಿದರೆ ನಿಧಿ ಸಿಕ್ಕಿದ ಹಾಗೆ. ನಿಮ್ಮ ನಕ್ಷೆಯೇ ನಮಗೆ ಕಣ್ಣು," ಎಂದು ಕೈಮುಗಿದು ಹೋದ. ಅಂದಿನಿಂದ ತಾತನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೊಮ್ಮಗಳು ಮೋಜಣಿಯನ್ನೇ ಓದಿದವಳು. ತಂಡದವರು ಅವಳನ್ನು ಕೆಲಸಕ್ಕೆ ಇಟ್ಟುಕೊಂಡರು. ಅವಳದು ಮೂರು ಕಾಲಿನ ಮೇಲೆ ನಿಲ್ಲುವ ಯಂತ್ರ, ಗುಂಡಿ ಒತ್ತಿದರೆ ದೂರ ಹೇಳುತ್ತಿತ್ತು.

"ಬೆವರು ಬರದ ಅಳತೆ ಅದೆಂಥ ಅಳತೆಯೇ?" ಎಂದು ತಾತ ರೇಗಿಸುತ್ತಿದ್ದ.

"ನೀವು ಬೆವರಿದ್ದು ಸಾಕು ತಾತ, ನಾನು ಗುಂಡಿ ಒತ್ತುತ್ತೀನಿ," ಎನ್ನುತ್ತಿದ್ದಳು ಅವಳು.

ಯಂತ್ರ ತೋರಿಸಿದ ಕಡೆ ಗೂಟ ಬಡಿದರು. ಎರಡು ಸಾವಿರದ ಆರುನೂರ ನಲವತ್ತು ಅಡಿ, ಎಂಬತ್ತು ಸರಪಳಿಗೆ ಸರಿಯಾಗಿ. ಅಗೆತ ಶುರುವಾಯಿತು. ಮೊದಲ ವಾರ ಮರಳು ಬಂತು, ಎರಡನೆಯ ವಾರ ನೀರು ಬಂತು, ಮೂರನೆಯ ವಾರ ಬಂಡೆ ಬಂತು. ಬಾವಿ ಬರಲಿಲ್ಲ.

"ಬೆಟ್ಟ ಅಗೆದು ಇಲಿ ಹಿಡಿದರು ಅಂತಾರೆ. ಇವರಿಗೆ ಇಲಿಯೂ ಸಿಗಲಿಲ್ಲ," ಎಂದಳು ಸೊಸೆ ರೊಟ್ಟಿ ತಟ್ಟುತ್ತ.

"ಮೆತ್ತಗೆ ಮಾತಾಡು, ನಿಮ್ಮ ಮಾವ ಒಳಗೇ ಇದ್ದಾರೆ," ಎಂದಳು ಅಜ್ಜಿ.

ತಾತ ಕೇಳಿಸಿಕೊಂಡೇ ಬಂದು ತಟ್ಟೆಯ ಮುಂದೆ ಕೂತ. "ಇನ್ನೂ ಆಳಕ್ಕೆ ಹೋಗಲಿ. ಬಾವಿ ಎದ್ದು ಓಡಿಹೋಗುತ್ತಾ?"

"ಅಪ್ಪ, ಹದಿನೈದು ಅಡಿ ಆಯ್ತು," ಎಂದ ಮಗ. "ಕೆಳಗೆ ಒಡೆಯದ ಬಂಡೆ. ಬಂಡೆಯೊಳಗೆ ಬಾವಿ ಇರುತ್ತಾ? ಯಜಮಾನ ಇವತ್ತು ದೋಣಿಯಲ್ಲಿ ಎಲ್ಲರ ಎದುರೇ ಅಂದ. ಮೋಜಣಿದಾರ ದ್ವೀಪಕ್ಕೆ ಬಂದೇ ಇಲ್ಲ, ಮನೆಯಲ್ಲಿ ಕೂತು ನಕ್ಷೆ ಬರೆದಿದ್ದಾನೆ, ಅಂತ."

"ನೀನೇನಂದೆ?"

"ನಾನೇನನ್ನಲಿ? ಹುಟ್ಟು ಹಾಕಿದೆ."

ತಾತ ಎದ್ದು ನಿಂತ. ಕೈಯಲ್ಲಿದ್ದ ರೊಟ್ಟಿ ತಟ್ಟೆಗೆ ಬಿತ್ತು. "ಆ ಬಾವಿಯ ಕಟ್ಟೆ ಮೇಲೆ ಕೂತು ನಾನು ಬುತ್ತಿ ಉಂಡಿದ್ದೀನಿ! ಬಾವಿ ನನ್ನ ಎಂಬತ್ತು ಸರಪಳಿಗೆ ಸಿಗದೆ ಬೇರೆ ಕಡೆ ಸಿಕ್ಕಿದರೆ, ಈ ಊರಲ್ಲಿ ನಾನು ನೆಟ್ಟ ಒಂದೊಂದು ಕಲ್ಲನ್ನೂ ಕಿತ್ತು ಸಮುದ್ರಕ್ಕೆ ಎಸೀರಿ. ನನ್ನನ್ನೂ ಜೊತೆಗೆ ಎಸೀರಿ."

ಆ ವಾರ ಮನೆಯಲ್ಲಿ ಬಾಗಿಲುಗಳು ಜೋರಾಗಿ ಮುಚ್ಚಿಕೊಂಡವು. ತಾತ ಪೇಟೆಗೆ ಹೋಗುವುದನ್ನು ಬಿಟ್ಟ. ಸೊಪ್ಪು ತರಲು ಅಜ್ಜಿಯೇ ಹೋದಳು. ಸೊಪ್ಪಿನವಳು ತೂಗುತ್ತ, "ನಿಮ್ಮ ಮನೆಯವರ ಹಾಗೆ ಅಳೆಯಲ್ಲ ತಾಯಿ, ಸರಿಯಾಗೇ ಕೊಡ್ತೀನಿ," ಎಂದು ಹಲ್ಲು ಕಿರಿದಳು. ಅಜ್ಜಿಗೆ ಮೈಯೆಲ್ಲ ಉರಿಯಿತು. ನಲವತ್ತೆಂಟು ವರ್ಷ ಬಾಳಿದ ಗಂಡನಲ್ಲಿ ಕೋಪವಿತ್ತು, ಜಂಬವಿತ್ತು, ಸುಳ್ಳು ಮಾತ್ರ ಇರಲಿಲ್ಲ. ಕೊಂಡ ಸೊಪ್ಪನ್ನು ಅಲ್ಲೇ ಬಿಟ್ಟು ಬಂದಳು.

ಮೊಮ್ಮಗಳು ಸುಮ್ಮನೆ ಕೂರಲಿಲ್ಲ. ತಾತನ ನಕ್ಷೆಯಲ್ಲಿದ್ದ ಬೇರೆ ಗುರುತುಗಳನ್ನು, ಮರಳಿನಲ್ಲಿ ಮುಚ್ಚಿಹೋಗದ ಬಂಡೆಗಳನ್ನು, ಒಂದೊಂದಾಗಿ ಅಳೆದು ನೋಡಿದಳು. ನಾಲ್ಕು ದಿನ ಅದೇ ಕೆಲಸ. ಐದನೆಯ ದಿನ ಸಂಜೆ ಬಂದವಳು ಕೈಕಾಲು ತೊಳೆಯದೆ ತಾತನ ಮುಂದೆ ಕೂತಳು.

"ತಾತ, ನೀವು ದ್ವೀಪಕ್ಕೆ ಹೋಗಿದ್ದು ಸತ್ಯ. ಒಂದೊಂದು ಬಂಡೆಯೂ ನಕ್ಷೆಯಲ್ಲಿದೆ."

"ಅದನ್ನು ನೀನು ಹೇಳಬೇಕಾ?"

"ಆದರೆ ಎಲ್ಲದರಲ್ಲೂ ಒಂದೇ ತಪ್ಪು. ಹತ್ತು ಸರಪಳಿಗೆ ಎರಡೂವರೆ ಅಡಿ. ಇಪ್ಪತ್ತಕ್ಕೆ ಐದು. ಲೆಕ್ಕ ಹಾಕಿದರೆ ಸರಪಳಿಗೆ ಮೂರಂಗುಲ. ನಿಮ್ಮ ಸರಪಳಿಯೇ ಮೂರಂಗುಲ ಗಿಡ್ಡ ಇತ್ತು ತಾತ. ಬಾವಿ ಇಪ್ಪತ್ತಡಿ ಈಚೆ ಇರಬೇಕು."

ಇಂಥ ಮಾತನ್ನು ಒಬ್ಬ ಮೋಜಣಿದಾರನಿಗೆ ಹೇಳುವುದೂ ಒಂದೇ, ಹೆತ್ತ ತಾಯಿಯನ್ನು ಬೈಯುವುದೂ ಒಂದೇ. ತಾತ ಒಳಗೆ ಹೋಗಿ, ಅಟ್ಟದಿಂದ ಸರಪಳಿಯನ್ನು ಇಳಿಸಿಕೊಂಡು, ಮೊಮ್ಮಗಳ ರಟ್ಟೆ ಹಿಡಿದು ಹಿತ್ತಿಲಿಗೆ ಎಳೆದುಕೊಂಡು ಹೋದ. ಎಲ್ಲರೂ ಹಿಂದೆಯೇ ಓಡಿದರು. ಹಿತ್ತಿಲ ಉದ್ದನೆಯ ಗೋಡೆಯಲ್ಲಿ ಈ ಕೊನೆಗೊಂದು, ಆ ಕೊನೆಗೊಂದು ದಪ್ಪ ಮೊಳೆ ಇದ್ದವು.

"ಕೆಲಸಕ್ಕೆ ಸೇರಿದ ವರ್ಷ ಕಚೇರಿಯ ಉಕ್ಕಿನ ಪಟ್ಟಿ ತಂದು ಅಳೆದು ಹೊಡೆದ ಮೊಳೆ ಇವು. ನಡುವೆ ಮೂವತ್ತಮೂರು ಅಡಿ. ಎಳೆದೆಳೆದು ಸರಪಳಿ ಬೆಳೆಯುತ್ತೆ, ಅದು ನಿಮ್ಮ ಪುಸ್ತಕದಲ್ಲೂ ಇರಬೇಕು. ಅದಕ್ಕೇ ದಿನಾ ಬೆಳಗ್ಗೆ ಈ ಮೊಳೆಗಳಿಗೆ ಹಿಡಿದು ನೋಡಿ, ಬೆಳೆದಿದ್ದರೆ ಉಂಗುರ ತೆಗೆದು ಸರಿಮಾಡಿಕೊಂಡು ಹೊರಡುತ್ತಿದ್ದೆ. ಸರಪಳಿ ಸುಳ್ಳು ಹೇಳಬಹುದು, ಗೋಡೆ ಹೇಳಲ್ಲ!"

ಸರಪಳಿಯನ್ನು ಹಿಡಿದ. ಈ ಮೊಳೆಯಿಂದ ಆ ಮೊಳೆಗೆ ಕೂದಲೆಳೆ ಹೆಚ್ಚುಕಡಿಮೆ ಇಲ್ಲದೆ ಕೂತಿತು. "ನೋಡು! ಎಲ್ಲಿದೆ ನಿನ್ನ ಮೂರಂಗುಲ?"

ಮೊಮ್ಮಗಳು ಜೇಬಿನಿಂದ ಟೇಪು ತೆಗೆದಳು. "ಅಜ್ಜಿ, ಈ ತುದಿ ಆ ಮೊಳೆಗೆ ಹಿಡ್ಕೋ."

ಅಜ್ಜಿ ಹಿಡಿದಳು. ಹಿಡಿದಾಗಲೇ ಅವಳಿಗೆ ನೆನಪಾಯಿತು. ಅವಳ ಬೆರಳಿನ ಕೆಳಗಿದ್ದ ಮೊಳೆ, ತಾತ ಹೊಡೆದ ಜಾಗದಲ್ಲಿರಲಿಲ್ಲ.

"ಮೂವತ್ತೆರಡು ಅಡಿ, ಒಂಬತ್ತು ಅಂಗುಲ," ಎಂದು ಮೊಮ್ಮಗಳು ಆ ತುದಿಯಿಂದ ಓದಿದಳು.

"ನಿನ್ನ ಟೇಪು ಸುಳ್ಳು."

"ಹೊಸ ಟೇಪು ತಾತ."

"ಹಾಗಾದರೆ ಏನು, ಗೋಡೆ ಕುಗ್ಗಿಹೋಯಿತಾ? ಬಟ್ಟೆಯೇನೇ ಅದು, ನೆನೆದರೆ ಕುಗ್ಗೋಕೆ?"

ಉತ್ತರ ತಿಳಿದಿದ್ದ ಅಜ್ಜಿ ಟೇಪಿನ ತುದಿ ಬಿಟ್ಟು, ಒಲೆಯ ಮೇಲೆ ಏನೋ ಇಟ್ಟಿದ್ದೇನೆಂದು ಒಳಗೆ ಹೋದಳು. ಒಲೆಯ ಮೇಲೆ ಏನೂ ಇರಲಿಲ್ಲ.

ಮೂವತ್ತೊಂದು ವರ್ಷದ ಹಿಂದಿನ ಮಾತು, ಮಗನ ಕಾಲು ಮುರಿದ ವರ್ಷ. ಅವನಿಗಾಗ ಹನ್ನೆರಡು ವಯಸ್ಸು. ತಾತ ಎರಡು ತಿಂಗಳು ದೂರದ ಕಾಡಿನ ಅಳತೆಗೆ ಹೋಗಿದ್ದ. ಹಾಸಿಗೆ ಹಿಡಿದ ಮಗುವಿನ ಹೊದಿಕೆಗಳನ್ನು ದಿನವೂ ಒಗೆದು, ಆ ಮೊಳೆಯಿಂದ ಮರಕ್ಕೆ ಕಟ್ಟಿದ ಹಗ್ಗದ ಮೇಲೆ ಹರವುತ್ತಿದ್ದಳು. ಒಂದು ದಿನ ಒದ್ದೆ ಹೊದಿಕೆಯ ಭಾರಕ್ಕೆ ಮೊಳೆ ಗಾರೆ ಸಮೇತ ಕಿತ್ತುಬಂತು. ಅಜ್ಜಿ ಗುಂಡುಕಲ್ಲು ತಂದು, ಗಟ್ಟಿ ಜಾಗ ನೋಡಿ, ಮೂರು ಬೆರಳು ಒಳಕ್ಕೆ ಮತ್ತೆ ಹೊಡೆದಳು. ಹಳೆಯ ತೂತಿಗೆ ಸುಣ್ಣ ಮೆತ್ತಿದಳು. ಗಂಡ ದಿನವೂ ಅಲ್ಲಿ ಸರಪಳಿ ನೇತುಹಾಕುವುದನ್ನು ನೋಡಿದ್ದಳು; ಸಿಕ್ಕು ಬಿಡಿಸುವುದಕ್ಕಿರಬೇಕು ಎಂದುಕೊಂಡಿದ್ದಳು. ತಾತ ಕಾಡಿನಿಂದ ಮರಳಿದ ಮರುದಿನ ಹಿತ್ತಿಲಲ್ಲಿ ಕೂತು, "ಹಾಳು ಕಾಡು, ಸರಪಳಿಯನ್ನೇ ಮೂರಂಗುಲ ಬೆಳೆಸಿಬಿಟ್ಟಿದೆ," ಎಂದು ಬೈಯುತ್ತ ಉಂಗುರ ಕಳಚುತ್ತಿದ್ದುದು ಅವಳಿಗೆ ಈಗ ಕಣ್ಣಿಗೆ ಕಟ್ಟಿದಂತೆ ನೆನಪಾಯಿತು. ಅವಳೇ ಆಗ ಇಕ್ಕಳ ತಂದುಕೊಟ್ಟಿದ್ದಳು.

ದ್ವೀಪ ಹಾಳಾಗಿ ಹೋಗಲಿ. ಅಜ್ಜಿ ಹೆದರಿದ್ದು ಅದಕ್ಕಲ್ಲ. ಕಾಲು ಮುರಿದ ಮರುವರ್ಷ ತಾತ ಇದೇ ಸರಪಳಿಯಿಂದ ತನ್ನ ಜಾಗವನ್ನೂ ತಮ್ಮನ ಜಾಗವನ್ನೂ ಅಳೆದಿದ್ದ. ಅಣ್ಣತಮ್ಮಂದಿರ ಮನೆಗಳು ಅಕ್ಕಪಕ್ಕ ಇದ್ದವು. ತಮ್ಮನ ಆಚೆ ಮೂಲೆಗಲ್ಲಿನಿಂದ ಅವನ ಪಾಲು ಎರಡು ಸರಪಳಿ. ಎರಡನೆಯ ಸರಪಳಿ ಮುಗಿದದ್ದು ತಮ್ಮನ ಹೊಸ ಅಡುಗೆಮನೆಯ ಗೋಡೆಗೆ ಅರ್ಧ ಅಡಿ ಹಿಂದೆ. ಗೋಡೆ ಅಣ್ಣನ ಜಾಗದಲ್ಲಿದೆ ಎಂದಾಯಿತು. "ಊರಿಗೊಂದು ಅಳತೆ, ಮನೆಗೊಂದು ಅಳತೆ ನನ್ನಲ್ಲಿಲ್ಲ," ಎಂದು ತಾತ ಗೋಡೆ ಕೆಡವಿಸಿದ. ತಮ್ಮ ಒಂದು ಮಾತೂ ಆಡಲಿಲ್ಲ. ಹದಿನೈದು ದಿನದಲ್ಲಿ ಜಾಗ ಯಾರಿಗೋ ಮಾರಿ, ಹೆಂಡತಿಯನ್ನು ಕರೆದುಕೊಂಡು ಊರಿನ ಇನ್ನೊಂದು ಕೊನೆಯ ಬಾಡಿಗೆ ಮನೆಗೆ ಹೋದ. ಆರು ವರ್ಷದ ಹಿಂದೆ ಅಲ್ಲೇ ತೀರಿಕೊಂಡ. ಅಣ್ಣ ಹೆಣ ನೋಡಲು ಹೋಗಿ, ಬೀದಿಯಲ್ಲೇ ನಿಂತು ಬಂದಿದ್ದ. "ಅರ್ಧ ಅಡಿಗೋಸ್ಕರ ಅಣ್ಣನನ್ನು ಬಿಟ್ಟವನು," ಎಂದು ಇವತ್ತಿಗೂ ಅನ್ನುತ್ತಿದ್ದ.

ಆ ಅರ್ಧ ಅಡಿ ಮೂರಂಗುಲ, ಮತ್ತೊಂದು ಮೂರಂಗುಲ. ಲೆಕ್ಕ ಬರದ ಅಜ್ಜಿಗೂ ಅಷ್ಟು ಲೆಕ್ಕ ಬಂತು.

ಹೇಳಬೇಕೆಂದು ಬಾಯಿ ತೆರೆದಳು, ಮುಚ್ಚಿದಳು. ನಾಲ್ಕು ದಿನ ಬೇಳೆಗೆ ಉಪ್ಪು ಎರಡು ಸಲ ಬಿತ್ತು, ಇಲ್ಲವೇ ಬೀಳಲೇ ಇಲ್ಲ. "ಅತ್ತೆ, ಏನಾಗಿದೆ ನಿಮಗೆ? ಮೈ ಸರಿಯಿಲ್ವಾ?" ಎಂದು ಸೊಸೆ ಕೇಳಿದರೆ, "ಈ ಉಪ್ಪೇ ಸರಿಯಿಲ್ಲ," ಎನ್ನುತ್ತಿದ್ದಳು. ಅತ್ತ ಮೊಮ್ಮಗಳು ಯಜಮಾನನನ್ನು ಒಪ್ಪಿಸಿ ಇಪ್ಪತ್ತಡಿ ಈಚೆ ಹೊಸ ಗುಂಡಿ ತೆಗೆಸುತ್ತಿದ್ದಳು. ಊರೆಲ್ಲ ಬಾವಿ ಸಿಗಲಿ ಎಂದು ಬಯಸುತ್ತಿದ್ದಾಗ, ಸಿಗದಿರಲಿ ಎಂದು ಬಯಸಿದವರು ಇಬ್ಬರೇ. ತಾತ ಬಾಯಿಬಿಟ್ಟು ಬಯಸಿದ, ಅಜ್ಜಿ ಬಾಯಿ ಮುಚ್ಚಿಕೊಂಡು.

ಬಾವಿ ಸಿಕ್ಕಿತು.

ಬೆಳಗ್ಗೆ ಹತ್ತು ಗಂಟೆಗೆ ಮಗ ದೋಣಿಯನ್ನು ಕಟ್ಟದೆ ಹಾಗೇ ಬಿಟ್ಟು ಓಡಿಬಂದ. "ಸಿಕ್ಕಿತು! ಕಲ್ಲಿನ ಕಟ್ಟೆ, ಮೂರೇ ಆಳುದ್ದ ಕೆಳಗೆ ಎರಡು ಕೊಪ್ಪರಿಗೆ! ಒಂದರ ಮುಚ್ಚಳ ತೆಗೆದರು. ನಾಣ್ಯ, ಪೂರ್ತಿ ನಾಣ್ಯ! ಮೊಹರು ಹಾಕೋಕೆ ಅಧಿಕಾರಿಗಳು ಬರ್ತಿದ್ದಾರೆ." ಅಷ್ಟು ಹೇಳಿದವನು ಅಪ್ಪನ ಮುಖ ನೋಡಿ ತಲೆ ತಗ್ಗಿಸಿದ. ಮೊಮ್ಮಗಳು ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದಳು, ಗೆದ್ದ ಕಳೆ ಅವಳ ಮುಖದಲ್ಲಿ ಒಂದಿಷ್ಟೂ ಇರಲಿಲ್ಲ.

"ಎಷ್ಟು ಅಡಿ ಈಚೆ?" ಎಂದು ತಾತ ಕೇಳಿದ.

"ಇಪ್ಪತ್ತು, ತಾತ."

ಊರಿಗೆ ಊರೇ ದೋಣಿ ಹತ್ತಿ ನಿಧಿ ನೋಡಲು ಹೋಯಿತು. ಎದ್ದು ಓಡಾಡಲಾಗದ ಮುದುಕಿಯರೂ ಹೋದರು. ಈ ಮನೆಯಿಂದ ಒಬ್ಬರೂ ಹೋಗಲಿಲ್ಲ. ತಾತ ಗೋಡೆಗೆ ಮುಖ ಮಾಡಿ ಮಲಗಿದ. ಮೂರು ದಿನ ಬೆಳಗ್ಗೆ ಎದ್ದು ಮುಖ ತೊಳೆದದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ. ನಾಲ್ಕನೆಯ ದಿನ ಅಜ್ಜಿ ಬಲವಂತ ಮಾಡಿ ಊಟಕ್ಕೆ ಎಬ್ಬಿಸಿದಳು. ಎರಡು ತುತ್ತು ಇಳಿದಿರಲಿಲ್ಲ, ಮಗ ಮಾತು ತೆಗೆದ.

"ಅಪ್ಪ, ಕೋಪ ಮಾಡ್ಕೋಬೇಡಿ. ಊರ ಕಟ್ಟೆಯಲ್ಲಿ ಈಗ ಬೇರೆ ಮಾತು ಶುರುವಾಗಿದೆ. 'ಸರಪಳಿ'ಗೆ ಬಾವಿ ಎಲ್ಲಿದೆ ಅಂತ ಚೆನ್ನಾಗಿ ಗೊತ್ತಿತ್ತು, ಮುಂದೆ ತಾನೇ ಅಗೆದು ತಿನ್ನೋಣ ಅಂತ ಬೇಕೆಂದೇ ಇಪ್ಪತ್ತಡಿ ಆಚೆ ಬರೆದ, ಅಂತ."

"ನೀನೇನಂತೀಯ?"

ಮಗ ತಟ್ಟೆಯಿಂದ ಕಣ್ಣೆತ್ತಲಿಲ್ಲ. "ಇದ್ದರೆ ಹೇಳಿಬಿಡಿ ಅಪ್ಪ. ಹೊರಗೆ ಬೇಡ, ಮನೆಯೊಳಗೆ ಗೊತ್ತಿದ್ದರೆ ಸಾಕು."

ತಾತ ಬೈಯಲಿಲ್ಲ, ಕೂಗಲಿಲ್ಲ. ಮಗನನ್ನೇ ನೋಡುತ್ತ ಕೂತ. ಕೈಯಲ್ಲಿದ್ದ ತುತ್ತನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿದಂತೆ ಕಾಣಲಿಲ್ಲ. ಅದನ್ನು ನೋಡಲು ಅಜ್ಜಿಯಿಂದ ಆಗಲಿಲ್ಲ.

"ನಿಮ್ಮಪ್ಪ ಕಳ್ಳ ಅಲ್ಲ ಕಣೋ," ಎಂದಳು. "ಮೊಳೆ ಕಿತ್ತು ಬೇರೆ ಕಡೆ ಹೊಡೆದದ್ದು ನಾನು."

ಎಂಜಲು ಕೈಯಲ್ಲೇ ಎಲ್ಲರೂ ಹಿತ್ತಿಲಿಗೆ ಹೋದರು. ಅಜ್ಜಿ ಮೊಳೆಯ ಪಕ್ಕದ ಸುಣ್ಣವನ್ನು ಚಮಚದಿಂದ ಕೆರೆದಳು. ಮೂವತ್ತು ಸಲ ಬಳಿದ ಸುಣ್ಣ ಹಕ್ಕಳೆ ಹಕ್ಕಳೆಯಾಗಿ ಉದುರಿ, ಕೆಳಗಿನಿಂದ ಬೆರಳು ತೂರುವಷ್ಟು ತೂತು ಕಾಣಿಸಿತು. ಮೊಮ್ಮಗಳು ಟೇಪು ಹಿಡಿದಳು. ಮೂವತ್ತಮೂರು ಅಡಿ.

ತಾತ ತೂತಿನೊಳಗೆ ಬೆರಳಿಟ್ಟ. "ಯಾವ ವರ್ಷ?"

"ಇವನ ಕಾಲು ಮುರಿದಾಗ. ನೀವು ಕಾಡಿಗೆ ಹೋಗಿದ್ದಿರಿ."

"ನನಗೊಂದು ಮಾತು ಹೇಳಬಾರದಿತ್ತೇನೇ?"

"ಬಟ್ಟೆ ಒಣಗಿಸೋ ಮೊಳೆ ಅಂತ ತಿಳಿದಿದ್ದೆ, ಹೇಳೋಕೇನಿತ್ತು?" ಅಜ್ಜಿಯ ದನಿ ಅಳುವಿಗೂ ಸಿಟ್ಟಿಗೂ ನಡುವೆ ಸಿಕ್ಕಿಕೊಂಡಿತು. "ಅದು ಯಾತಕ್ಕೆ ಅಂತ ನೀವು ಒಂದು ದಿನ ಹೇಳಿದ್ದಿರಾ? ಕೇಳಿದರೆ, ನಿನಗೇನು ಗೊತ್ತಾಗುತ್ತೆ ಅಳತೆ, ಒಲೆ ನೋಡ್ಕೋ ಹೋಗು, ಅಂದಿರಿ. ಒಲೆ ನೋಡ್ಕೊಂಡೆ."

ತಾತನ ತುಟಿ ಅಲ್ಲಾಡುತ್ತಿತ್ತು. ಕಾಲು ಮುರಿದ ವರ್ಷದಿಂದ ಈಚೆಗೆ ಅಳೆದದ್ದನ್ನೆಲ್ಲ ಒಂದೊಂದಾಗಿ ಎಣಿಸುತ್ತಿದ್ದಾನೆಂದು ಅಜ್ಜಿಗೆ ಗೊತ್ತಾಯಿತು. ಎಲ್ಲಿ ಬಂದು ನಿಂತ ಎಂಬುದೂ ಗೊತ್ತಾಯಿತು. ತಮ್ಮನ ಅಡುಗೆಮನೆಯ ಗೋಡೆಯ ಮುಂದೆ.

"ಅಂಗಿ ಕೊಡು," ಎಂದ. "ನೀನೂ ಬಾ."

ಅಜ್ಜಿಯ ಓರಗಿತ್ತಿ, ಆ ತಮ್ಮನ ಹೆಂಡತಿಯ ಮನೆ ಊರಿನ ಆ ಕೊನೆಗೆ, ಬ್ರೆಡ್ಡಿನ ಅಂಗಡಿಯ ಹಿಂದಿನ ಎರಡು ಕೋಣೆ. ಅವಳು ಬಾಗಿಲಲ್ಲಿ ಕೂತು ಕಾಳು ಆರಿಸುತ್ತಿದ್ದಳು. ಇಬ್ಬರನ್ನೂ ಕಂಡು ಮೊರ ಕೆಳಗಿಟ್ಟು ಎದ್ದಳು. ಮೂವತ್ತು ವರ್ಷದಲ್ಲಿ ಅವಳ ಕೂದಲು ಪೂರ್ತಿ ಬೆಳ್ಳಗಾಗಿತ್ತು. ತಾತ ಹೊಸ್ತಿಲ ಹೊರಗೇ ನಿಂತು, ನೆಲ ನೋಡುತ್ತ ಹೇಳಿದ:

"ತಪ್ಪಾಯ್ತು ತಾಯಿ. ನನ್ನ ಸರಪಳಿ ಗಿಡ್ಡ ಇತ್ತು. ಗೋಡೆ ನಿಮ್ಮ ಜಾಗದಲ್ಲೇ ಇತ್ತು. ಅನ್ಯಾಯವಾಗಿ ಕೆಡವಿಸಿದೆ."

ಮೊಳೆಯ ಮಾತು ಎತ್ತಲಿಲ್ಲ. ಅಜ್ಜಿ ಹೇಳಹೊರಟರೆ ಅವಳ ಮುಂಗೈ ಹಿಡಿದು ಅದುಮಿದ. ಅಜ್ಜಿ ಕೈ ಕೊಸರಿಕೊಂಡಳು. "ಅವರದಲ್ಲ ತಪ್ಪು, ನನ್ನದು," ಎಂದು ಹೊದಿಕೆ, ಗುಂಡುಕಲ್ಲು, ಸುಣ್ಣ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು.

ಓರಗಿತ್ತಿ ಎಲ್ಲವನ್ನೂ ಕೇಳಿಸಿಕೊಂಡಳು. ಒಮ್ಮೆ ಅವಳ ಮುಖ, ಒಮ್ಮೆ ಇವನ ಮುಖ ನೋಡಿದಳು.

"ಗೋಡೆ ನಮ್ಮದೇ ಅಂತ ನಮಗೆ ಗೊತ್ತಿತ್ತು ಭಾವ," ಎಂದಳು.

"ಗೊತ್ತಿತ್ತಾ?"

"ಆವತ್ತು ಸಾಯಂಕಾಲವೇ ಅವರು ಬಡಗಿಯ ಹತ್ತಿರ ಅಡಿಕೋಲು ತಂದು ಅಳೆದರು. ಮೂರು ಸಲ. ಮೂರು ಸಲವೂ ನಮ್ಮ ಕಡೆಗೇ ಬಂತು."

"ಮತ್ತೆ ನನಗೆ ಯಾಕೆ ಹೇಳಲಿಲ್ಲ?" ತಾತ ತಲೆಯೆತ್ತಿದ. "ಒಂದು ಮಾತು ಅಂದಿದ್ದರೆ ಮತ್ತೆ ಅಳೀತಿದ್ದೆ!"

"ನಾನೂ ಹಾಗೇ ಹೇಳಿದೆ. ಹೋಗಿ ಕೇಳಿ, ಎಲ್ಲೋ ತಪ್ಪಾಗಿದೆ, ಅಂದೆ. ಅದಕ್ಕೆ ಅವರು, 'ಅಣ್ಣನ ಅಳತೆ ತಪ್ಪಲ್ಲ ಕಣೇ. ಊರೆಲ್ಲ ಅಳೆದವನು ಅಂಗೈಯಗಲದ ಜಾಗದಲ್ಲಿ ಅರ್ಧ ಅಡಿ ತಪ್ಪುತ್ತಾನಾ? ಗೊತ್ತಿದ್ದೇ ಮಾಡಿದ್ದಾನೆ. ನಾವು ಪಕ್ಕದಲ್ಲಿರೋದು ಅವನಿಗೆ ಬೇಡವಾಗಿದೆ. ಬಾಯಲ್ಲಿ ಹೇಳೋಕಾಗದೆ ಸರಪಳಿ ಕೈಲಿ ಹೇಳಿಸಿದ್ದಾನೆ,' ಅಂದರು. ಸಾಯೋವರೆಗೂ ಹಾಗೇ ನಂಬಿದ್ದರು ಭಾವ."

ಬೈಗುಳಕ್ಕೆ ಅಜ್ಜಿ ಸಿದ್ಧಳಾಗಿ ಬಂದಿದ್ದಳು. ಇದಕ್ಕೆ ಸಿದ್ಧಳಾಗಿರಲಿಲ್ಲ.

"ಆ ಅರ್ಧ ಅಡಿ ನೆಲದಲ್ಲಿ ಇವತ್ತಿನವರೆಗೂ ಒಂದು ಗಿಡ ನೆಟ್ಟಿಲ್ಲ," ಎಂದ ತಾತ. "ಬರ್ತಾನೆ, ಜಗಳ ಆಡ್ತಾನೆ, ಬಿಟ್ಟುಕೊಡೋಣ ಅಂತ ಕಾದೆ. ಅವನು ಬರಲೇ ಇಲ್ಲ."

"ಅವರೂ ಕಾದರು," ಎಂದಳು ಓರಗಿತ್ತಿ. "ಅಣ್ಣ ಬಂದು ಬೈದರೂ ಸಾಕು, ಹಿಂದೆಯೇ ಹೊರಟುಬಿಡ್ತೀನಿ, ಅನ್ನೋರು. ಎರಡು ವರ್ಷ ಇಲ್ಲಿ ಸಾಮಾನಿನ ಗಂಟು ಬಿಚ್ಚೋಕೆ ಬಿಡಲಿಲ್ಲ."

ತಾತ ಹೊಸ್ತಿಲ ಮೇಲೆಯೇ ಕುಸಿದ. ಇಬ್ಬರು ಹೆಂಗಸರೂ ಒಂದೊಂದು ರಟ್ಟೆ ಹಿಡಿದು ಅವನನ್ನು ಒಳಗೆ ಕರೆದುಕೊಂಡರು.